ಅಂಗಳದ ಮಣ್ಣೂ ಉಸಿರಾಡಲಿ

(ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಮಲೆನಾಡಿನ ನೀರಿನ ಮಾತು ಬಂದಾಗ ನಾವು ಕಾಡಿನ ಕಡೆಗೂ ಹೇಮಾವತಿಯ ಕಡೆಗೂ ಕೈ ತೋರಿಸುತ್ತೇವೆ. ಇಂದು ನಾನು ನಿಮ್ಮ ಗಮನವನ್ನು ಮನೆಯ ಮುಂದಿನ ಹುಲ್ಲಿನ ಅಂಗಳದತ್ತ ಸೆಳೆಯಬಯಸುತ್ತೇನೆ. ಸಕಲೇಶಪುರ, ಆಲೂರು ಸೀಮೆಯಲ್ಲಿ ಹೋಂಸ್ಟೇಗಳು ಹೆಚ್ಚಿದಂತೆ ಹುಲ್ಲುಹಾಸುಗಳೂ ಹೆಚ್ಚಿವೆ. ಅವುಗಳ ಮೇಲೆ ಜೀಪು, ಕಾರುಗಳು ನಿಲ್ಲುತ್ತವೆ. ಮಳೆಗಾಲದಲ್ಲೂ ಜನ ಓಡಾಡುತ್ತಾರೆ. ಮೇಲೆ ಹಸಿರು ಕಂಡರೂ ಕೆಳಗಿನ ಮಣ್ಣು ಕಲ್ಲಿನಂತಾಗಿರುತ್ತದೆ. ಶಾಲೆಯ ಮೈದಾನಗಳ ಸ್ಥಿತಿಯೂ ಇದೇ.

ಒಳ್ಳೆಯ ಮಣ್ಣಿನ ಗಾತ್ರದಲ್ಲಿ ಸುಮಾರು ಅರ್ಧದಷ್ಟು ರಂಧ್ರಗಳೇ ಇರುತ್ತವೆ. ಅವುಗಳಲ್ಲಿ ದೊಡ್ಡವು ನೀರನ್ನು ಕೆಳಗಿಳಿಸಿ ಗಾಳಿಗೆ ಎಡೆ ಮಾಡಿಕೊಡುತ್ತವೆ. ಸಣ್ಣವು ನೀರನ್ನು ಹಿಡಿದಿಡುತ್ತವೆ. ಭಾರ ಬಿದ್ದಾಗ ಮೊದಲು ಮುಚ್ಚಿಹೋಗುವುದು ದೊಡ್ಡ ರಂಧ್ರಗಳು. ಆಮ್ಲಜನಕವು ಗಾಳಿಯಲ್ಲಿ ಹರಡುವ ವೇಗಕ್ಕೆ ಹೋಲಿಸಿದರೆ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಆದ್ದರಿಂದ ನೀರು ನಿಂತ ಗಟ್ಟಿ ಮಣ್ಣಿನಲ್ಲಿ ಬೇರು ಉಸಿರುಗಟ್ಟುತ್ತದೆ, ಗರಿಕೆ ಸೊರಗುತ್ತದೆ, ಪಾಚಿ ಹಬ್ಬುತ್ತದೆ.

ಆದರೆ ಹುಲ್ಲು ಸೊರಗುವುದಕ್ಕಿಂತ ದೊಡ್ಡ ನಷ್ಟ ನೀರಿನದು. 1 ಚದರ ಮೀಟರ್ ನೆಲಕ್ಕೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ಉದ್ದಗಲ 10 ಮೀಟರ್ ಇರುವ ಅಂಗಳಕ್ಕೆ ಒಂದು ದಿನ 50 ಮಿ.ಮೀ. ಮಳೆಯಾದರೆ 5,000 ಲೀಟರ್. ವರ್ಷಕ್ಕೆ 2,000 ಮಿ.ಮೀ. ಬಿದ್ದರೆ 2 ಲಕ್ಷ ಲೀಟರ್. ಇದರಲ್ಲಿ ಎಷ್ಟು ಭಾಗ ನಮ್ಮ ಬಾವಿಗೆ ಇಳಿಯುತ್ತದೆ, ಎಷ್ಟು ಭಾಗ ಕೆಂಪು ಮಣ್ಣನ್ನು ಹೊತ್ತು ಹಳ್ಳ ಸೇರಿ ಗೊರೂರಿನ ಜಲಾಶಯದ ಹೂಳಾಗುತ್ತದೆ ಎಂಬುದು ನೆಲದ ರಂಧ್ರಗಳ ಮೇಲೆ ನಿಂತಿದೆ. ಜೋರು ಮಳೆಯ ನಾಡಿನಲ್ಲೇ ಮಾರ್ಚ್ ತಿಂಗಳಿಗೆ ಬಾವಿ ತಳ ಕಾಣುವುದಕ್ಕೆ ಇದೂ ಒಂದು ಕಾರಣ.

ಈ ತಿಳಿವಳಿಕೆ ನಮಗೆ ಹೊಸದಲ್ಲ. ಮಳೆಗಾಲ ಹಿಂದೆ ಸರಿದಾಗ ಕಾಫಿ ತೋಟದ ಮೇಲ್ಮಣ್ಣನ್ನು ಸಡಿಲಿಸುವುದು, ಸಾಲುಗಳ ನಡುವೆ ಇಳಿಜಾರಿಗೆ ಅಡ್ಡಲಾಗಿ ತೊಟ್ಟಿಲು ಗುಂಡಿ ತೆಗೆಯುವುದು ಇಲ್ಲಿನ ಬೆಳೆಗಾರರಿಗೆ ಪರಿಚಿತ ಕೆಲಸ. ತೋಟಕ್ಕೆ ಸಲ್ಲುವ ಈ ವಿವೇಕ ಅಂಗಳಕ್ಕೂ ಸಲ್ಲಬೇಕು.

ವಿದ್ಯಾರ್ಥಿಗಳು ಒಂದು ಪರೀಕ್ಷೆ ಮಾಡಿ ನೋಡಬಹುದು. ಎರಡೂ ಕಡೆ ತೆರೆದ ತಗಡಿನ ಡಬ್ಬಿಯನ್ನು ಎರಡು ಬೆರಳಿನಷ್ಟು ಆಳ ನೆಲಕ್ಕೆ ಒತ್ತಿ, ಅಳತೆಯ ನೀರು ಸುರಿದು, ಇಂಗುವ ಸಮಯವನ್ನು ಬರೆದಿಡಿ. ಮೈದಾನದಲ್ಲಿ ಒಮ್ಮೆ, ಮರದ ನೆರಳಿನ ದರಗಿನ ಕೆಳಗೆ ಒಮ್ಮೆ. ಆ ಎರಡು ಅಂಕಿಗಳು ನನ್ನ ಭಾಷಣಕ್ಕಿಂತ ಚೆನ್ನಾಗಿ ಮಾತನಾಡುತ್ತವೆ.

ಇನ್ನು ಪರಿಹಾರ. ಮುಕ್ಕಾಲು ಇಂಚಿನ ಕಬ್ಬಿಣದ ಕೊಳವೆಯ ತುದಿಯನ್ನು ಹರಿತಗೊಳಿಸಿ, ಮಣ್ಣು ಹೊರಬರಲು ಪಕ್ಕದಲ್ಲಿ ಕಿಂಡಿ ಸೀಳಿಸಿ, ಮೇಲೆ ಅಡ್ಡ ಹಿಡಿಕೆ ಬೆಸೆಸಿರಿ. ಅದನ್ನು 3ರಿಂದ 4 ಇಂಚು ಆಳಕ್ಕೆ ಒತ್ತಿ ಮಣ್ಣಿನ ಬತ್ತಿಯನ್ನು ಹೊರತೆಗೆಯಿರಿ. ತೂತುಗಳ ನಡುವೆ 4 ಇಂಚು ಅಂತರವಿರಲಿ. ಮೊನಚು ಸಲಾಕೆ ಚುಚ್ಚಿದರೆ ಮಣ್ಣು ಪಕ್ಕಕ್ಕೆ ಒತ್ತಿಕೊಳ್ಳುತ್ತದೆ. ಕೊಳವೆಯಾದರೆ ಮಣ್ಣನ್ನೇ ತೆಗೆಯುತ್ತದೆ. ಬತ್ತಿಗಳು ಅಲ್ಲಿಯೇ ಒಣಗಿ ಪುಡಿಯಾಗಲಿ. ಮೇಲೆ ಜರಡಿ ಹಿಡಿದ ಕಾಂಪೋಸ್ಟ್ ಹರಡಿರಿ. ಮುಂದೆ ತೂತು ಕೊರೆಯುವ ಕೆಲಸವನ್ನು ಎರೆಹುಳು ವಹಿಸಿಕೊಳ್ಳುತ್ತದೆ.

ಕಾಲವೂ ಮುಖ್ಯ. ಏಪ್ರಿಲ್–ಮೇ ಮಳೆ ಬಿದ್ದ ಮೇಲೆ ಅಥವಾ ಮುಂಗಾರು ತಗ್ಗಿದ ಸೆಪ್ಟೆಂಬರ್ ಕೊನೆಯಲ್ಲಿ, ಹಿಡಿಮಣ್ಣು ಮುಷ್ಟಿಯಲ್ಲಿ ಉಂಡೆಯಾಗಿ ಬೆರಳು ತಾಗಿದರೆ ಒಡೆಯುವ ಹದದಲ್ಲಿ ಈ ಕೆಲಸ ಮಾಡಬೇಕು. ಜುಲೈ ತಿಂಗಳ ಕೆಸರಿನಲ್ಲಿ ಮಾಡಿದರೆ ಮಣ್ಣು ಇನ್ನಷ್ಟು ಗಟ್ಟಿಯಾಗುತ್ತದೆ.

ಒಂದು ಎಚ್ಚರಿಕೆ. 2018ರ ಆಗಸ್ಟ್ ಮಳೆಯಲ್ಲಿ ಶಿರಾಡಿ ಘಾಟಿಯ ರಸ್ತೆಯಲ್ಲಿಯೂ ಸಕಲೇಶಪುರ–ಸುಬ್ರಹ್ಮಣ್ಯ ರೈಲುಮಾರ್ಗದಲ್ಲಿಯೂ ಗುಡ್ಡ ಕುಸಿದದ್ದನ್ನು ನಾವು ಮರೆಯಲಾರೆವು. ಗುಡ್ಡವನ್ನು ಕಡಿದು ನಿಲ್ಲಿಸಿದ ಧರೆಯ ನೆತ್ತಿಯಲ್ಲಿ ನೀರು ಇಂಗಿಸುವ ಸಾಹಸ ಬೇಡ. ಅಲ್ಲಿ ನೀರನ್ನು ಕಾಲುವೆಯಲ್ಲಿ ಸುರಕ್ಷಿತವಾಗಿ ಹೊರಗೊಯ್ಯಬೇಕು. ನಾನು ಹೇಳಿದ್ದು ಸಮತಟ್ಟಾದ ಅಂಗಳ, ಮೈದಾನಗಳಿಗೆ ಮಾತ್ರ.

ಎಲ್ಲಕ್ಕಿಂತ ಮೊದಲು, ಹುಲ್ಲಿನ ಮೇಲೆ ವಾಹನ ನಿಲ್ಲಿಸುವುದನ್ನು ಬಿಡೋಣ. ವಾಹನಕ್ಕೆ ಒಂದು ದಾರಿ, ನಡೆಯಲು ಒಂದು ಕಾಲುದಾರಿ ಗೊತ್ತುಮಾಡಿದರೆ ಉಳಿದ ನೆಲ ತಾನೇ ಚೇತರಿಸಿಕೊಳ್ಳುತ್ತದೆ. ಬರುವ ಮಳೆಗಾಲಕ್ಕೆ ಮುನ್ನ ಪ್ರತಿ ಶಾಲೆಯೂ ತನ್ನ ಮೈದಾನದ ಅಂಚಿನಲ್ಲಿ ಒಂದು ತುಂಡು ನೆಲವನ್ನಾದರೂ ಹೀಗೆ ತೆರೆದು, ಇಂಗಿದ ನೀರನ್ನು ಅಳೆದು ಊರಿಗೆ ತಿಳಿಸಲಿ ಎಂದು ಕೋರುತ್ತೇನೆ.