ಮೇಷ್ಟರ ಬೀರುವಿನಲ್ಲಿರುವ ಕಾಗದಗಳು



ಹೊಸಪೇಟೆಯ ಬಸ್ ನಿಲ್ದಾಣದಲ್ಲಿ ಯಾರನ್ನಾದರೂ ನಿಲ್ಲಿಸಿ, ‘ಈ ಊರು ಯಾವ ರಾಜ್ಯಕ್ಕೆ ಸೇರಿದ್ದು?’ ಎಂದು ಕೇಳಿ ನೋಡಿ. ನಿಮ್ಮನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ ಮುಂದೆ ಹೋಗುತ್ತಾರೆ. ಆದರೆ 1955ರಲ್ಲಿ ಅದು ತಮಾಷೆಯ ಪ್ರಶ್ನೆಯಾಗಿರಲಿಲ್ಲ.

ಆಂಧ್ರ ರಾಜ್ಯ ಹುಟ್ಟಿದ್ದು 1953ರ ಅಕ್ಟೋಬರ್ 1ರಂದು. ಅಂದು ಮದ್ರಾಸಿನಲ್ಲಿದ್ದ ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಉಳಿದ ಭಾಗ ಮೈಸೂರಿಗೆ ಬಂತು. ಮುಗಿಯಿತು ಎಂದುಕೊಂಡವರಿಗೆ ಮತ್ತೊಂದು ಆತಂಕ ಕಾದಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರ್ ಈ ಮೂವರ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾಯಿತು. 1955ರ ಸೆಪ್ಟೆಂಬರ್ 30ರಂದು ಕೊಟ್ಟ ವರದಿಯಲ್ಲಿ ಅದು ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲ್ಲೂಕುಗಳನ್ನೂ ಮಲ್ಲಾಪುರಂ ಉಪತಾಲ್ಲೂಕಿನ ಸಣ್ಣ ಭಾಗವನ್ನೂ ಆಂಧ್ರಕ್ಕೆ ಕೊಡಬೇಕೆಂದಿತು. ಮುಖ್ಯ ಕಾರಣ ತುಂಗಭದ್ರಾ ಅಣೆಕಟ್ಟು. ಹಂಪಿ, ಕಂಪ್ಲಿಗಳು ಆಗ ಹೊಸಪೇಟೆ ತಾಲ್ಲೂಕಿನಲ್ಲೇ ಇದ್ದವು. ಸಂಡೂರಿನ ಹೆಸರು ಮಾತ್ರ ಆ ಪಟ್ಟಿಯಲ್ಲಿರಲಿಲ್ಲ. ಶಿಫಾರಸು ಜಾರಿಯಾಗಿದ್ದರೆ ಸಂಡೂರಿನಿಂದ ಹೊಸಪೇಟೆಗೆ ಬರುವವರು ರಾಜ್ಯದ ಗಡಿ ದಾಟಿ ಬರಬೇಕಾಗುತ್ತಿತ್ತು! ಈ ಶಿಫಾರಸು ಕಾನೂನಾಗಲಿಲ್ಲ. 1956ರ ನವೆಂಬರ್ 1ರಂದು ಹೊಸ ಮೈಸೂರು ರಾಜ್ಯ ಉದಯವಾದಾಗ ಈ ತಾಲ್ಲೂಕುಗಳು ಅದರಲ್ಲೇ ಉಳಿದವು.

ಪಠ್ಯಪುಸ್ತಕದಲ್ಲಿ ಇದಕ್ಕೆ ಒಂದು ಸಾಲು ಸಿಕ್ಕರೆ ಹೆಚ್ಚು. ಆದರೆ ಆ ಆಯೋಗಕ್ಕೆ ಬಂದ ಲಿಖಿತ ಮನವಿ, ಪತ್ರಗಳ ಸಂಖ್ಯೆ 1,52,250. ಅದು ಭೇಟಿ ಕೊಟ್ಟ ಊರುಗಳು 104, ಮಾತಾಡಿಸಿದ ಜನ ಒಂಬತ್ತು ಸಾವಿರಕ್ಕೂ ಮೇಲೆ. ವಕೀಲರು, ವರ್ತಕರು, ರೈತರು, ಉಪಾಧ್ಯಾಯರು ಕೂತು ಕರಡು ಬರೆದು, ಹೊಡೆದು ಹಾಕಿ, ಮತ್ತೆ ಬರೆದು ಕಳಿಸಿದ ಕಾಗದಗಳು ಅವು. ಪುಸ್ತಕ ನಮಗೆ ತೀರ್ಮಾನವನ್ನು ಹೇಳುತ್ತದೆ. ತೀರ್ಮಾನ ಬೇರೆಯಾಗುವ ಸಾಧ್ಯತೆ ಎಷ್ಟು ಹತ್ತಿರವಿತ್ತು ಎಂಬುದನ್ನು ಹೇಳುವುದು ಇಂಥ ಬಿಡಿ ಹಾಳೆಗಳು.

ಒಂದು ತಾಲ್ಲೂಕಿನ ಈ ಕಥೆಯನ್ನು ನೀವೇ ಹುಡುಕಲು ಹೊರಟರೆ ಏನಾಗುತ್ತದೆ? ಬಳ್ಳಾರಿ 1953ರವರೆಗೆ ಮದ್ರಾಸಿನದು. ಹಾಗಾಗಿ ಹಳೆಯ ಕಡತಗಳಿಗೆ ಚೆನ್ನೈಗೆ ಹೋಗಬೇಕು. ಸಂಡೂರು 1949ರವರೆಗೆ ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನ, ಅದರ ಜಾಡೇ ಬೇರೆ. ಕೇಂದ್ರ ಸರ್ಕಾರದ ಕಡತಗಳಿಗೆ ದೆಹಲಿಯ ರಾಷ್ಟ್ರೀಯ ಪತ್ರಾಗಾರ, ಮೈಸೂರಿನವಕ್ಕೆ ಬೆಂಗಳೂರಿನ ರಾಜ್ಯ ಪತ್ರಾಗಾರ. ವಿದ್ಯಾರ್ಥಿಯ ಕೈಲಿ ಇಷ್ಟೊಂದು ಓಡಾಟ ಎಲ್ಲಿ ಸಾಧ್ಯ?

ಇಲ್ಲಿಯೇ ರಾಜ್ಯಶಾಸ್ತ್ರದ ಪ್ರಾಧ್ಯಾಪಕರೊಬ್ಬರ ಬೆಲೆ ತಿಳಿಯುವುದು. ಮೂವತ್ತು ವರ್ಷ ಊರೂರು ಅಲೆದು ಅವರು ನಕಲು ಮಾಡಿಕೊಂಡು ತಂದದ್ದೆಲ್ಲ ಒಂದೇ ಬೀರುವಿನಲ್ಲಿರುತ್ತದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಜಿ. ಎಸ್. ಹಾಲಪ್ಪನವರು ಸಿದ್ಧಪಡಿಸಿದ ಕರ್ನಾಟಕದ ಸ್ವಾತಂತ್ರ್ಯ ಚಳವಳಿಯ ಇತಿಹಾಸದ ಎರಡನೆಯ ಸಂಪುಟ 1964ರಲ್ಲಿ ಬಂತು. ಅಂಥ ಗ್ರಂಥದ ಒಂದು ಪುಟದ ಹಿಂದೆ ಹತ್ತಾರು ಟಿಪ್ಪಣಿಗಳಿರುತ್ತವೆ. ಅಚ್ಚಾಗುವುದು ಒಂದು, ಉಳಿಯುವುದು ಒಂಬತ್ತು.

ಆ ಒಂಬತ್ತರಲ್ಲಿ ಏನೇನಿರುತ್ತದೆ? ಉತ್ತರಪತ್ರಿಕೆಯ ಬೆನ್ನಿನ ಮೇಲೆ ಗೀಚಿದ ಸಂದರ್ಶನ. ಬಂದ ಪತ್ರ, ಅದಕ್ಕೆ ಕೊಟ್ಟ ಉತ್ತರದ ಕಾರ್ಬನ್ ಪ್ರತಿ. ಮತಗಟ್ಟೆವಾರು ಲೆಕ್ಕ. ಪತ್ರಿಕಾ ತುಣುಕು. ಮತ್ತೆ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಅಮೂಲ್ಯವಾದದ್ದು, ಚುನಾವಣೆಯ ಕರಪತ್ರ. ಗೆದ್ದವರ ಮಾತು ಸದನದ ನಡಾವಳಿಯಲ್ಲಿ ಸಿಕ್ಕೀತು. ಸೋತವನು ಜನರಿಗೆ ಏನು ಹೇಳಿದ್ದ ಎಂಬುದು ಸರ್ಕಾರದ ಕಡತದಲ್ಲಿ ಸುಲಭವಾಗಿ ಸಿಗುವುದಿಲ್ಲ, ಗ್ರಂಥಾಲಯವೂ ಕರಪತ್ರವನ್ನು ಪುಸ್ತಕವೆಂದು ಎಣಿಸುವುದಿಲ್ಲ. ಅದನ್ನು ಮಡಿಸಿ ಜೇಬಿಗಿಟ್ಟುಕೊಂಡು ಬರುವವರು ಇಂಥ ಮೇಷ್ಟರೇ!

ನಾನು ವಿಜ್ಞಾನ ಓದಿದವನು. ಪ್ರಯೋಗಾಲಯದ ನೋಟ್‌ಬುಕ್ಕಿನಲ್ಲಿ ತಪ್ಪಾದ ಅಳತೆಯನ್ನೂ ಅಳಿಸಬಾರದು, ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಬೇಕು ಎಂದು ಮೊದಲ ದಿನವೇ ಕಲಿಸಿದ್ದರು. ನನ್ನ ಈಗಿನ ವೃತ್ತಿಯಲ್ಲಿ ಇದಕ್ಕೆ ತದ್ವಿರುದ್ಧ ಪದ್ಧತಿಯಿತ್ತು: ಪ್ರಸಾರವಾದ ಮೇಲೆ ಟೇಪನ್ನು ಅಳಿಸಿ ಮತ್ತೆ ಬಳಸುವುದು. ಅರ್ಧ ಗಂಟೆಯ ಕಾರ್ಯಕ್ರಮ ಉಳಿದರೂ ಅದಕ್ಕಾಗಿ ಚಿತ್ರೀಕರಿಸಿದ ಐದಾರು ಗಂಟೆ ಹೋಗುತ್ತಿತ್ತು.

ಕಾಗದ ಒಂದೇ ಕಡೆ ಇದ್ದರೂ ಅಪಾಯವೇ. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಮೈಸೂರಿನ ಬಳಿಯ ಹಳ್ಳಿಯೊಂದರಲ್ಲಿ 1948ರಲ್ಲಿ ಇದ್ದು ಮಾಡಿಕೊಂಡ ಟಿಪ್ಪಣಿಗಳನ್ನು ವರ್ಷಗಟ್ಟಲೆ ಕೂತು ವಿಂಗಡಿಸಿದ್ದರು. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದ ಅಧ್ಯಯನ ಕೇಂದ್ರಕ್ಕೆ ಕಿಡಿಗೇಡಿಗಳು ಬೆಂಕಿಯಿಟ್ಟರು. ವಿಂಗಡಿಸಿದ ಟಿಪ್ಪಣಿಯ ಮೂರು ಪ್ರತಿಗಳೂ ಒಟ್ಟಿಗೆ ಸುಟ್ಟುಹೋದವು. ನೆನಪಿನ ಬಲದಿಂದಲೇ ಅವರು ‘ದಿ ರಿಮೆಂಬರ್ಡ್ ವಿಲೇಜ್’ ಬರೆದರು, 1976ರಲ್ಲಿ ಅದು ಪ್ರಕಟವಾಯಿತು. ಅವರಿಗೆ ಸಾಧ್ಯವಾಯಿತು. ಎಲ್ಲರಿಗೂ ಆ ನೆನಪು ಎಲ್ಲಿಂದ ಬರಬೇಕು?

ನಮ್ಮ ಕಡೆ ಬೆಂಕಿಗಿಂತ ಗುಜರಿಯವನ ತಕ್ಕಡಿಯೇ ಹೆಚ್ಚು ಅಪಾಯ. ಮೇಷ್ಟರು ತೀರಿಕೊಂಡ ಮೇಲೆ ಮಕ್ಕಳು ಬೇರೆ ಊರಿನಲ್ಲಿ, ಮನೆ ಬಾಡಿಗೆಗೆ, ಪುಸ್ತಕಗಳು ಕಾಲೇಜಿಗೆ, ಬಿಡಿ ಕಾಗದ ಕೆ.ಜಿ. ಲೆಕ್ಕದಲ್ಲಿ. ಹಂಪಿಯ ಪಕ್ಕದಲ್ಲೇ 1991ರಲ್ಲಿ ಸ್ಥಾಪನೆಯಾದ ಕನ್ನಡ ವಿಶ್ವವಿದ್ಯಾಲಯವಿದೆ, ಅದರಲ್ಲಿ ಹಸ್ತಪ್ರತಿ ವಿಭಾಗವೂ ಇದೆ. ಆದರೂ ಹಸ್ತಪ್ರತಿ ಎಂದರೆ ನಮ್ಮ ಜನಕ್ಕೆ ತಾಳೆಗರಿ ಮಾತ್ರ ಕಣ್ಣ ಮುಂದೆ ಬರುತ್ತದೆ. ಬಾಲ್‌ಪೆನ್ನಿನಲ್ಲಿ ಬರೆದದ್ದೂ ಹಸ್ತಪ್ರತಿಯೇ, ಮಿತ್ರರೇ.

ನಿಮ್ಮ ಪರಿಚಯದ ಅಧ್ಯಾಪಕರ ಮನೆಯಲ್ಲಿ ಇಂಥ ಬೀರು ಖಾಲಿಯಾಗುವ ಸುದ್ದಿ ಬಂದರೆ ಮನೆಯವರ ಒಪ್ಪಿಗೆ ಪಡೆದು ಹೋಗಿ. ಬದುಕಿರುವವರ ಖಾಸಗಿ ಪತ್ರಗಳಿರಬಹುದು, ಅವನ್ನು ಮನೆಯವರಿಗೇ ಬಿಡಿ. ಮೊದಲ ಕೆಲಸ ‘ಜೋಡಿಸುವುದು’ ಅಲ್ಲ. ಯಾವ ಕಟ್ಟಿನಲ್ಲಿ ಯಾವುದರ ಕೆಳಗೆ ಯಾವುದಿತ್ತೋ ಹಾಗೆಯೇ ಇರಲಿ. ಅಣೆಕಟ್ಟಿನ ವರದಿಯ ನಡುವೆ ಕಂಪ್ಲಿಯ ರೈತನ ಪತ್ರವಿದ್ದರೆ, ಅದು ಅಲ್ಲಿರುವುದಕ್ಕೆ ಮೇಷ್ಟರಿಗೆ ಕಾರಣವಿತ್ತು. ವಿಷಯವಾರು ಬೇರ್ಪಡಿಸಿದರೆ ಆ ಕಾರಣ ಕಾಣೆಯಾಗುತ್ತದೆ. ಗುಂಡುಸೂಜಿ ತುಕ್ಕು ಹಿಡಿದು ಕಾಗದವನ್ನು ತಿನ್ನುತ್ತದೆ, ಮೆಲ್ಲಗೆ ತೆಗೆಯಿರಿ. ಹರಿದದ್ದಕ್ಕೆ ಸೆಲ್ಲೋಟೇಪು ಬೇಡ, ಅದರ ಅಂಟು ಕೆಲವೇ ವರ್ಷದಲ್ಲಿ ಕಂದು ಕಲೆಯಾಗುತ್ತದೆ. ಪತ್ರಿಕೆಯ ತುಣುಕುಗಳ ನಡುವೆ ಬಿಳಿ ಹಾಳೆಯಿಡಿ, ಏಕೆಂದರೆ ಅಗ್ಗದ ಕಾಗದದ ಆಮ್ಲ ಪಕ್ಕದ ಹಾಳೆಗೂ ಇಳಿಯುತ್ತದೆ. ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ, ಆದರೆ ಚಿತ್ರ ತೆಗೆದಾಯಿತೆಂದು ಮೂಲವನ್ನು ಬಿಸಾಡಬೇಡಿ. ಆಮೇಲೆ ವಿಶ್ವವಿದ್ಯಾಲಯಕ್ಕೋ ರಾಜ್ಯ ಪತ್ರಾಗಾರಕ್ಕೋ ಪತ್ರ ಬರೆದು, ತೆಗೆದುಕೊಳ್ಳುತ್ತೀರಾ ಎಂದು ಕೇಳಿ.

ಪೆಟ್ಟಿಗೆಯ ಮೇಲೆ ಯಾರದು, ಯಾವ ಊರು, ಎಂದು ತೆಗೆದದ್ದು, ಬೀರುವಿನ ಎಷ್ಟನೆಯ ಅರೆಯಲ್ಲಿತ್ತು ಎಂಬುದನ್ನು ಬರೆಯಿರಿ. ಪೆನ್ಸಿಲಿನಲ್ಲಿ ಬರೆಯಿರಿ. ಶಾಯಿ ನೀರಿಗೆ ಕದಡುತ್ತದೆ.