ಸತ್ತವರ ಆಸ್ತಿಗೆ ಯಾವ ವಕೀಲರು?
(ನಮ್ಮ ಉಚಿತ ವಾಚನಾಲಯದ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ)



ನಾನು ವಕೀಲನಲ್ಲ, ಮೆಟ್ರಿಕ್ ಮುಗಿಸಿದ ಗಿರಣಿಯ ಗುಮಾಸ್ತ. ಆದರೂ ಈ ವಿಷಯ ಹೇಳಲು ನಿಂತದ್ದಕ್ಕೆ ಕಾರಣ, ನನ್ನದೇ ಒಂದು ತಪ್ಪು.

ನಮ್ಮ ಗಿರಣಿಯ ಕೆಲಸಗಾರರೊಬ್ಬರು 2022ರಲ್ಲಿ ತೀರಿಕೊಂಡರು. ಇಂಡಿ ತಾಲೂಕಿನವರು. ಮದುವೆಗೆ ಮುಂಚೆ ಅವರ ಬ್ಯಾಂಕಿನ ಫಾರ್ಮು, ಪ್ರಾವಿಡೆಂಟ್ ಫಂಡಿನ ಫಾರ್ಮು ಎರಡನ್ನೂ ತುಂಬಿಕೊಟ್ಟವನು ನಾನೇ. ನಾಮಿನಿ ಎಂದು ಅಣ್ಣನ ಹೆಸರು ಬರೆದೆವು. ಮುಂದೆ ಮದುವೆಯಾಯಿತು, ಎರಡು ಮಕ್ಕಳಾದವು. ಫಾರ್ಮು ತಿದ್ದಿಸಿರೆಂದು ಹೇಳುವುದು ನನಗೆ ನೆನಪಾಗಲಿಲ್ಲ.

ಬ್ಯಾಂಕಿನ ಠೇವಣಿ ಅಣ್ಣನ ಕೈಸೇರಿತು. ಆ ತಾಯಿಗೆ ಮಧ್ಯಸ್ಥನೊಬ್ಬ ಗಂಟುಬಿದ್ದು, "ಪ್ರೊಬೇಟು ತೆಗೆಸಬೇಕು, ಮುಂಬಯಿಗೆ ಹೋಗಬೇಕು" ಎಂದು ಹೇಳಿ, ಕಿವಿಯ ಬೆಂಡೋಲೆ ಮಾರಿಸಿದ. ಪ್ರೊಬೇಟು ಎಂದರೆ ಮೃತ್ಯುಪತ್ರಕ್ಕೆ ಕೋರ್ಟು ಕೊಡುವ ಮುದ್ರೆ. ಇಲ್ಲಿ ಮೃತ್ಯುಪತ್ರವೇ ಇರಲಿಲ್ಲ! ಮೃತ್ಯುಪತ್ರವಿದ್ದರೂ ಮುಂಬಯಿ, ಮದ್ರಾಸು, ಬಂಗಾಳಗಳ ಕಡೆಗಿದ್ದ ಆ ಕಡ್ಡಾಯದ ಕಲಮನ್ನು 2025ರ ಡಿಸೆಂಬರಿನಲ್ಲಿ ಸಂಸತ್ತು ತೆಗೆದುಹಾಕಿದೆ.

ಆದ್ದರಿಂದ ವಕೀಲರನ್ನು ಹುಡುಕುವ ಮೊದಲು, ಬೇಕಾದ ಕಾಗದ ಯಾವುದೆಂದು ತಿಳಿಯಿರಿ. ಊರಿನ ಹೊಲಕ್ಕೆ ಪೌತಿ ಖಾತೆ. ಅದು ಊರಿನ ನಾಡಕಚೇರಿಯ ಕೆಲಸ. ಇಲ್ಲಿಯ ಜಮೀನಾದರೆ ತಲಾಠಿಯಲ್ಲಿ ವಾರಸಾ ನೋಂದಣಿ. ಬ್ಯಾಂಕಿನ ಹಣಕ್ಕೆ ತಕರಾರು ಬಂದರೆ 1925ರ ಕಾಯಿದೆಯಂತೆ ಉತ್ತರಾಧಿಕಾರ ಪ್ರಮಾಣಪತ್ರ. ಸತ್ತವರು ವಾಸವಿದ್ದ ಸೀಮೆಯ ಕೋರ್ಟಿನಲ್ಲಿ ಕೇಳಬೇಕು, ಅದು ದೇಶದಲ್ಲೆಲ್ಲ ನಡೆಯುತ್ತದೆ. ನಾಮಿನಿ ಇಲ್ಲದ, ತಕರಾರೂ ಇಲ್ಲದ ಠೇವಣಿಯಾದರೆ 15 ಲಕ್ಷದವರೆಗೆ, ಸಹಕಾರಿ ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಸರಳ ಕಾಗದದ ಮೇಲೆ ಕೊಡಬೇಕೆಂದು ರಿಜರ್ವ್ ಬ್ಯಾಂಕು 2025ರಲ್ಲಿ ಅಪ್ಪಣೆ ಮಾಡಿದೆ. ಅಲ್ಲಿ ವಕೀಲರೇ ಬೇಡ.

ನಾಮಿನಿ ಮಾಲೀಕನಲ್ಲ. ಠೇವಣಿಯನ್ನು ವಾರಸುದಾರರ ಪರವಾಗಿ ಪಡೆಯುವ ಕೈ ಮಾತ್ರ. ಹಿಂದೂಗಳಿಗೆ 1956ರ ಕಾಯಿದೆಯ ಮೊದಲ ವರ್ಗದಲ್ಲಿ ಹೆಂಡತಿ, ಗಂಡು ಹೆಣ್ಣು ಮಕ್ಕಳು, ತಾಯಿ ಇದ್ದಾರೆ, ಅಣ್ಣನಿಲ್ಲ. ಪ್ರಾವಿಡೆಂಟ್ ಫಂಡಿನಲ್ಲಂತೂ 1952ರ ಯೋಜನೆಯಂತೆ ಆ ಹಳೆಯ ನಾಮಿನಿ ಮದುವೆಯಾದಂದೇ ರದ್ದಾಗಿತ್ತು.

ಇನ್ನು ವಕೀಲರು. ಸನದು ಇದೆಯೇ ಎಂದು ಕೇಳಲು ಸಂಕೋಚ ಬೇಡ. ಫೀಯನ್ನು ಮೊದಲೇ ಗೊತ್ತುಮಾಡಿ ರಸೀದಿ ಪಡೆಯಿರಿ. ಬಂದ ಹಣದಲ್ಲಿ ಪಾಲು ಕೇಳುವುದು ವಕೀಲರ ನಿಯಮಕ್ಕೇ ವಿರುದ್ಧ. ಬರಿಯ ಕಾಗದದ ಮೇಲೆ ಸಹಿಯನ್ನಾಗಲಿ ಹೆಬ್ಬೆಟ್ಟನ್ನಾಗಲಿ ಒತ್ತಬೇಡಿ. ಮೂಲ ಕಾಗದ ನಿಮ್ಮಲ್ಲೇ ಇರಲಿ.

ಹಣವಿಲ್ಲವೆಂದು ಕೈಚೆಲ್ಲಬೇಡಿ. 1987ರ ಕಾನೂನು ಸೇವೆಗಳ ಕಾಯಿದೆಯಂತೆ ಹೆಂಗಸರಿಗೂ ಕಾರ್ಖಾನೆಯ ಕೆಲಸಗಾರರಿಗೂ, ವರಮಾನ ಎಷ್ಟೇ ಇರಲಿ, ವಕೀಲರು ಉಚಿತ. ಅದು ಭಿಕ್ಷೆಯಲ್ಲ, ಹಕ್ಕು. ತಾಲೂಕಿನ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ. 15100ಕ್ಕೆ ಫೋನು ಮಾಡಿದರೂ ದಾರಿ ಹೇಳುತ್ತಾರೆ.

ಆ ತಾಯಿಗೂ ಹಾಗೆಯೇ ಒಬ್ಬ ವಕೀಲರು ಸಿಕ್ಕರು. ಅವರು ಒಂದು ನೋಟೀಸು ಕಳಿಸಿದರು. ಅಣ್ಣನೂ ಕೆಟ್ಟವನಲ್ಲ, ತಿಳಿಯದವನು; ಠೇವಣಿ ತಂದುಕೊಟ್ಟ. ಬೆಂಡೋಲೆ ಮಾತ್ರ ತಿರುಗಿ ಬರಲಿಲ್ಲ.

ಪ್ರತಿ ರವಿವಾರ ಸಂಜೆ ನಾನು ಈ ವಾಚನಾಲಯದಲ್ಲೇ ಇರುತ್ತೇನೆ. ನಿಮ್ಮ ಪಾಸ್‌ಬುಕ್ಕು ತನ್ನಿರಿ; ನಾಮಿನಿಯ ಹೆಸರು ಯಾರದಿದೆ ಎಂದು ಕೂಡಿಯೇ ನೋಡೋಣ.