ಹಿಂಬದಿ ಇಳಿಯಬೇಕು, ಲೋಡ್ ಇಳಿಯಬಾರದು: ಪಿಕಪ್ ಪ್ಲೇಟಿನ ಲೆಕ್ಕ

ಹೆಡ್‌ಫೋನ್ ಹಾಕ್ಕೊಂಡು ತೋಟದಲ್ಲಿ ಓಡಾಡ್ತಾ ಕೇಳ್ತಿರೋರಿಗೂ, ಗಾಡಿ ಓಡಿಸ್ತಾ ಕೇಳ್ತಿರೋರಿಗೂ ಸ್ವಾಗತ. ಗಾಡಿ ಓಡಿಸೋರು ದಯವಿಟ್ಟು ವಾಲ್ಯೂಮ್ ಸ್ವಲ್ಪ ಕಡಿಮೆ ಇಡಿ, ತಿರುವಿನಲ್ಲಿ ಹಾರ್ನ್ ಕೇಳಿಸಬೇಕು.

ಇವತ್ತಿನ ವಿಷಯ ಪಿಕಪ್. ಮೂಡಿಗೆರೆ, ಕೊಟ್ಟಿಗೆಹಾರ, ಕಳಸ, ಎಲ್ಲಿ ನೋಡಿದ್ರೂ ಇದೇ ಗಾಡಿ. ಕಾಫಿ ಮೂಟೆ, ಗೊಬ್ಬರ, ಪೈಪು, ಸಿಲ್ವರ್ ಮರದ ತುಂಡು, ಎಲ್ಲಾ ಇದರಲ್ಲೇ. ಅದರ ಹಿಂಬದಿ ಇಳಿಸಬೇಕು ಅನ್ನೋರು ನಮ್ಮ ಕಡೆ ಎರಡು ಥರ ಇದ್ದಾರೆ. ಒಂದು, ಲುಕ್‌ಗೋಸ್ಕರ. ಖಾಲಿ ಪಿಕಪ್ ಹಿಂದೆ ಎತ್ತಿಕೊಂಡು ನಿಲ್ಲುತ್ತಲ್ಲ, ಅದು ಇವರಿಗೆ ಇಷ್ಟ ಆಗಲ್ಲ. ಎರಡು, ಬೆನ್ನಿಗೋಸ್ಕರ. 50 ಕೆಜಿ ಮೂಟೆಯನ್ನ ಎದೆ ಮಟ್ಟಕ್ಕೆ ಎತ್ತಿ ಹಾಕೋದು ಎಷ್ಟು ಕಷ್ಟ ಅನ್ನೋದು ಲೋಡ್ ಮಾಡೋರಿಗೆ ಗೊತ್ತು. ಇಬ್ಬರೂ ಕೇಳೋದು ಒಂದೇ: ಇಳಿಸಬೇಕು, ಆದ್ರೆ ಹೊರೋ ಶಕ್ತಿ ಕಡಿಮೆ ಆಗಬಾರದು.

ನಾನು ಓದಿದ್ದು ಬಿ.ಕಾಂ. ಹಾಗಾಗಿ ಇದನ್ನ ಲೆಕ್ಕದ ಪುಸ್ತಕದ ಥರ ನೋಡೋಣ.

ಮೊದಲು, ಖಾಲಿ ಪಿಕಪ್ ಹಿಂದೆ ಎತ್ತರ ಯಾಕಿರುತ್ತೆ? ಹಿಂದಿನ ಆಕ್ಸಲ್ ಮೇಲೆ ಕೂತಿರೋ ಪ್ಲೇಟ್ ಸೆಟ್ಟನ್ನ ಲೋಡ್‌ಗೆ ಅಂತಲೇ ಬಾಗಿಸಿ ಮಾಡಿರ್ತಾರೆ. ಭಾರ ಬಿದ್ದಾಗ ಅದು ಚಪ್ಪಟೆ ಆಗುತ್ತಾ ಬರುತ್ತೆ, ಗಾಡಿ ಮಟ್ಟಸ ಆಗುತ್ತೆ. ಖಾಲಿ ಇರುವಾಗ ಕಾಣೋ ಆ ಎತ್ತರ, ಭಾರಕ್ಕೆ ಅಂತ ಮುಂಗಡವಾಗಿ ಇಟ್ಟಿರೋ ಜಾಗ. ಕಂಪನಿಯವರು ಮರೆತು ಬಿಟ್ಟಿದ್ದಲ್ಲ.

ಈಗ ಎರಡು ಖಾತೆ ತೆಗೀರಿ. ಒಂದು ಎತ್ತರದ ಖಾತೆ, ಇನ್ನೊಂದು ಬಿಗುವಿನ ಖಾತೆ. ಎತ್ತರ ಅಂದ್ರೆ ಆಕ್ಸಲ್‌ಗೂ ಮೇಲಿನ ಬಂಪ್ ಸ್ಟಾಪ್ ರಬ್ಬರಿಗೂ ನಡುವೆ ಇರೋ ಜಾಗ. ಬಿಗು ಅಂದ್ರೆ ಒಂದು ಸೆಂ.ಮೀ. ಕುಗ್ಗೋಕೆ ಎಷ್ಟು ಕೆಜಿ ಬೇಕು ಅನ್ನೋದು. ತುಂಬಾ ಜನ ಇವೆರಡನ್ನೂ ಒಂದೇ ಅಂದ್ಕೊಳ್ತಾರೆ. ಗಲಾಟೆ ಶುರುವಾಗೋದೇ ಇಲ್ಲಿ.

ಒಂದು ಉದಾಹರಣೆ ತಗೊಳ್ಳೋಣ. ಇದು ಯಾವ ಕಂಪನಿಯ ಗಾಡಿಯದ್ದೂ ಅಲ್ಲ, ಲೆಕ್ಕ ಅರ್ಥ ಆಗಲಿ ಅಂತ ನಾನು ಇಟ್ಕೊಂಡಿರೋ ಅಂಕಿ. ಖಾಲಿ ಗಾಡಿಯಲ್ಲಿ ಜಾಗ 12 ಸೆಂ.ಮೀ. ಎರಡೂ ಕಡೆಯ ಪ್ಲೇಟ್ ಸೇರಿ 125 ಕೆಜಿಗೆ 1 ಸೆಂ.ಮೀ. ಕುಗ್ಗುತ್ತೆ. ಹಿಂದಿನ ಆಕ್ಸಲ್ ಮೇಲೆ 20 ಮೂಟೆ, ಅಂದ್ರೆ 1000 ಕೆಜಿ ಬಿತ್ತು. 8 ಸೆಂ.ಮೀ. ಕುಗ್ಗಿತು, 4 ಉಳೀತು. ಆ 4 ಸೆಂ.ಮೀ. ಗುಂಡಿ, ಹಂಪ್‌ಗೆ ಬೇಕು.

ಈಗ ಅದೇ ಗಾಡಿಯನ್ನ 5 ಸೆಂ.ಮೀ. ಇಳಿಸಿದ್ರಿ. ಜಾಗ 7 ಮಾತ್ರ. 1000 ಕೆಜಿಗೆ ಬೇಕಾಗಿರೋದು 8. ಅಂದ್ರೆ 875 ಕೆಜಿಗೇ ಆಕ್ಸಲ್ ಹೋಗಿ ರಬ್ಬರಿಗೆ ಬಡಿಯುತ್ತೆ. ಹದಿನೇಳೂವರೆ ಮೂಟೆ! ಆಮೇಲೆ ಸಸ್ಪೆನ್ಶನ್ ಅನ್ನೋದೇ ಇಲ್ಲ. ಪ್ರತಿ ಗುಂಡಿಯ ಏಟೂ ನೇರ ಚಾಸಿಗೆ.

"ಹಾಗಾದ್ರೆ ಪ್ಲೇಟ್ ಬಿಗು ಮಾಡಿಸ್ತೀನಿ" ಅಂತೀರಾ? ಸರಿ. ಗುಂಡಿಗೆ 4 ಸೆಂ.ಮೀ. ಉಳಿಸಬೇಕು ಅಂದ್ರೆ 1000 ಕೆಜಿ ಭಾರ 3 ಸೆಂ.ಮೀ. ಒಳಗೇ ನಿಲ್ಲಬೇಕು. ಅದಕ್ಕೆ 1 ಸೆಂ.ಮೀ.ಗೆ ಸುಮಾರು 333 ಕೆಜಿ ಬಿಗು ಬೇಕು. ಮೊದಲಿಗಿಂತ ಎರಡೂವರೆ ಪಟ್ಟಿಗೂ ಜಾಸ್ತಿ. ಖಾಲಿ ಗಾಡಿ ಕಲ್ಲು ರಸ್ತೆಯಲ್ಲಿ ಮೊಲದ ಥರ ಜಿಗಿಯುತ್ತೆ, ಹಿಂದಿನ ಟೈರ್ ನೆಲ ಬಿಡುತ್ತೆ.

ಅದೇ 2 ಸೆಂ.ಮೀ. ಮಾತ್ರ ಇಳಿಸಿದ್ರೆ? ಜಾಗ 10. ಗುಂಡಿಗೆ 4 ಬಿಟ್ರೆ ಲೋಡ್‌ಗೆ 6. ಬಿಗು ಮೂರನೇ ಒಂದು ಭಾಗ ಜಾಸ್ತಿ ಮಾಡಿದ್ರೆ ಸಾಕು. ಕೆಲಸ ಮಾಡೋ ಗಾಡಿಯನ್ನ ಇಳಿಸೋದಾದ್ರೆ ಮಾತು ಸೆಂಟಿಮೀಟರ್‌ಗಳಲ್ಲೇ ಇರಬೇಕು, ಗೇಣಿನಲ್ಲಿ ಅಲ್ಲ.

ಈಗ ಗ್ಯಾರೇಜ್‌ಗಳಲ್ಲಿ ನಡೆಯೋ ವಿಧಾನಗಳು.

ಒಂದನೇದು, ಒಂದು ಪ್ಲೇಟ್ ಬಿಚ್ಚಿ ಹಾಕೋದು. ಖರ್ಚು ಕಡಿಮೆ, ಗಾಡಿ ಇಳಿಯುತ್ತೆ. ಆದ್ರೆ ಒಂದೇ ದಪ್ಪದ ಐದು ಪ್ಲೇಟಿನಲ್ಲಿ ಒಂದು ತೆಗೆದ್ರೆ ಬಿಗು ಹೆಚ್ಚು ಕಡಿಮೆ ಐದನೇ ಒಂದು ಭಾಗ ಹೋಯ್ತು. ಎತ್ತರದ ಖಾತೆಯಲ್ಲೂ ನಷ್ಟ, ಬಿಗುವಿನ ಖಾತೆಯಲ್ಲೂ ನಷ್ಟ. ಉಳಿದ ಪ್ಲೇಟ್‌ಗಳ ಮೇಲೆ ಹೊರೆ ಜಾಸ್ತಿ. ಲೋಡ್ ಹೊಡೆಯೋ ಗಾಡಿಗೆ ಇದು ಬೇಡ.

ಎರಡನೇದು, ಗ್ಯಾಸ್ ಕಟರ್‌ನಿಂದ ಕಾಯಿಸಿ ಪ್ಲೇಟಿನ ಬಾಗು ತೆಗೆಯೋದು. ಪ್ಲೇಟಿನ ಉಕ್ಕನ್ನ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಬಿಸಿ ಮಾಡಿ ಆ ಸ್ಪ್ರಿಂಗ್ ಗುಣ ತಂದಿರ್ತಾರೆ. ಬೇಕಾಬಿಟ್ಟಿ ಕಾಯಿಸಿದ ಜಾಗದಲ್ಲಿ ಆ ಹದ ಹೋಗುತ್ತೆ. ಇವತ್ತು ಚೆನ್ನಾಗಿ ಕಾಣುತ್ತೆ, ಸೀಸನ್ ಮಧ್ಯದಲ್ಲಿ ಕೂತುಬಿಡುತ್ತೆ ಇಲ್ಲಾ ಮುರಿಯುತ್ತೆ.

ಮೂರನೇದು, ಶಾಕಲ್ ಬದಲಾಯಿಸೋದು. ಶಾಕಲ್ ಚಾಸಿಯಿಂದ ಕೆಳಗೆ ತೂಗೋ ಗಾಡಿಗಳಲ್ಲಿ ಚಿಕ್ಕ ಶಾಕಲ್ ಹಾಕಿದ್ರೆ ಹಿಂಬದಿ ಇಳಿಯುತ್ತೆ. ಪ್ಲೇಟಿನ ತುದಿ 2 ಸೆಂ.ಮೀ. ಮೇಲೆ ಹೋದ್ರೆ ಗಾಡಿ ಇಳಿಯೋದು ಸುಮಾರು 1 ಸೆಂ.ಮೀ. ಆದ್ರೆ ಲೋಡ್ ಬಿದ್ದಾಗ ಪ್ಲೇಟ್ ಉದ್ದ ಆಗುತ್ತೆ, ಅದಕ್ಕೆ ದಾರಿ ಕೊಡೋದೇ ಶಾಕಲ್‌ನ ಓಲಾಟ. ತೀರಾ ಚಿಕ್ಕದಾದ್ರೆ ಅದು ಸಿಕ್ಕಿಹಾಕ್ಕೊಳ್ಳುತ್ತೆ.

ನಾಲ್ಕನೇದು, ಫ್ಲಿಪ್. ಆಕ್ಸಲ್ ಮೇಲಿರೋ ಪ್ಲೇಟನ್ನ ಆಕ್ಸಲ್ ಕೆಳಗೆ ತರೋದು. ಪ್ಲೇಟಿನ ಬಿಗು ಹಾಗೇ ಉಳಿಯುತ್ತೆ, ಅದಕ್ಕೇ "ಲೋಡ್ ಕಡಿಮೆ ಆಗಲ್ಲ" ಅಂತ ಹೇಳ್ತಾರೆ. ಆದ್ರೆ ಒಂದೇ ಏಟಿಗೆ 10 ಸೆಂ.ಮೀ.ಗಿಂತ ಹೆಚ್ಚು ಇಳಿಯುತ್ತೆ. ನಮ್ಮ ಲೆಕ್ಕದ 12ರಲ್ಲಿ ಉಳಿಯೋದು ಎಷ್ಟು? ಅದಕ್ಕೆ ಚಾಸಿಯನ್ನೇ ಕತ್ತರಿಸಿ ಜಾಗ ಮಾಡೋರೂ ಇದ್ದಾರೆ. ಶೋಗೆ ನಿಲ್ಲಿಸೋ ಗಾಡಿಗೆ ಆಗಬಹುದು, ಮೂಟೆ ಹೊರೋ ಗಾಡಿಗಲ್ಲ.

ಸರಿಯಾದ ವಿಧಾನ ಅಂದ್ರೆ ಕಡಿಮೆ ಬಾಗಿನ, ಹೆಚ್ಚು ಬಿಗುವಿನ ಹೊಸ ಪ್ಲೇಟ್ ಸೆಟ್ ಲೆಕ್ಕ ಹಾಕಿ ಮಾಡಿಸೋದು. ಇಲ್ಲಿ ದಪ್ಪದ ಮಹಿಮೆ ಗೊತ್ತಿರಲಿ. ಬಿಗು ದಪ್ಪದ ಘನಕ್ಕೆ ತಕ್ಕಂತೆ ಏರುತ್ತೆ. 8 ಮಿ.ಮೀ. ಪ್ಲೇಟ್ ಬದಲು ಅಷ್ಟೇ ಸಂಖ್ಯೆಯ 10 ಮಿ.ಮೀ. ಪ್ಲೇಟ್ ಹಾಕಿದ್ರೆ ಬಿಗು ಹತ್ತಿರ ಹತ್ತಿರ ಎರಡು ಪಟ್ಟು. ಜೊತೆಗೆ ಲೋಡ್ ಬಿದ್ದಾಗ ಮಾತ್ರ ಕೆಲಸಕ್ಕೆ ಇಳಿಯೋ ಹೆಲ್ಪರ್ ಪ್ಲೇಟ್ ಇಟ್ರೆ ಖಾಲಿ ಓಡುವಾಗ ಮೆತ್ತಗಿರುತ್ತೆ. ಯು ಬೋಲ್ಟ್ ಹಳೇದು ಹಾಕಬೇಡಿ. ಹೊಸದು ಹಾಕಿ, ಸ್ವಲ್ಪ ದಿನ ಓಡಿಸಿ ಮತ್ತೆ ಟೈಟ್ ಮಾಡಿಸಿ. ಶಾಕ್ ಅಬ್ಸಾರ್ಬರ್ ಪೂರ್ತಿ ಕುಗ್ಗಿ ತಳ ಬಡಿಯುತ್ತಾ ನೋಡಿ.

ಇನ್ನೊಂದು ಮಾತು. ಪ್ಲೇಟ್ ಬಿಗು ಮಾಡಿದ ತಕ್ಷಣ ಗಾಡಿಯ ಕೆಪ್ಯಾಸಿಟಿ ಏರಲ್ಲ. ಆಕ್ಸಲ್, ಬೇರಿಂಗ್, ಡಿಸ್ಕ್, ಟೈರ್, ಬ್ರೇಕ್ ಎಲ್ಲಾ ಹಳೇವೇ. ಟೈರ್ ಚಿಕ್ಕದು ಮಾಡಿ ಇಳಿಸೋರು ಟೈರ್ ಮೇಲಿನ ಲೋಡ್ ಇಂಡೆಕ್ಸ್ ನೋಡಿ. 108 ಅಂದ್ರೆ ಒಂದು ಟೈರ್ 1000 ಕೆಜಿ ಹೊರುತ್ತೆ, 100 ಅಂದ್ರೆ 800 ಕೆಜಿ. ಎರಡು ಟೈರಿಗೆ 400 ಕೆಜಿ ವ್ಯತ್ಯಾಸ, ಅಂದ್ರೆ ಎಂಟು ಮೂಟೆ.

ಈಗ ಬ್ರೇಕ್. ಇದು ಗಮನ ಇಟ್ಟು ಕೇಳಿ. ಅನೇಕ ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ಗೂ ಚಾಸಿಗೂ ನಡುವೆ ಒಂದು ಸಣ್ಣ ಸರಳು, ಅದರ ತುದಿಗೆ ಒಂದು ವಾಲ್ವ್ ಇರುತ್ತೆ. ಎಲ್‌ಎಸ್‌ಪಿವಿ ಅಂತಾರೆ. ಚಾಸಿ ಕೆಳಗೆ ಬಂದ್ರೆ "ಲೋಡ್ ಇದೆ" ಅಂತ ತಿಳ್ಕೊಂಡು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತೆ. ಚಾಸಿ ಮೇಲಿದ್ರೆ ಕಡಿಮೆ ಬಿಡುತ್ತೆ. ಅದಕ್ಕೆ ತೂಕ ಗೊತ್ತಾಗಲ್ಲ, ಎತ್ತರ ಮಾತ್ರ ಗೊತ್ತು.

ಈಗ ನಿಮ್ಮ ಇಳಿಸಿದ ಗಾಡಿ ಜುಲೈ ತಿಂಗಳ ಮಳೆಯಲ್ಲಿ, ಖಾಲಿ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳೀತಿದೆ. ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ಹೋಗುತ್ತೆ, ಹಿಂಬದಿ ಹಗುರ. ಆದ್ರೆ ವಾಲ್ವ್ ಅಂದ್ಕೊಂಡಿದೆ ಹಿಂದೆ 20 ಮೂಟೆ ಇದೆ ಅಂತ. ಹಿಂದಿನ ಚಕ್ರ ಲಾಕ್ ಆಗುತ್ತೆ. ಒದ್ದೆ ರಸ್ತೆಯ ತಿರುವಿನಲ್ಲಿ ಹಿಂಬದಿ ಹೊರಗೆ ಎಸೆಯುತ್ತೆ. ಚಾರ್ಮಾಡಿಯಲ್ಲಿ ಹೊರಗೆ ಅಂದ್ರೆ ಏನಿದೆ ಅಂತ ನಿಮಗೆ ಗೊತ್ತು.

"ಸರಳು ಅಡ್ಜಸ್ಟ್ ಮಾಡಿದ್ರಾಯ್ತು" ಅಂತಾರೆ. ಪೂರ್ತಿ ಆಗಲ್ಲ. ನಮ್ಮ ಲೆಕ್ಕ ನೆನಪಿಸಿಕೊಳ್ಳಿ. ಮೊದಲು ಖಾಲಿಗೂ ಲೋಡ್‌ಗೂ 8 ಸೆಂ.ಮೀ. ವ್ಯತ್ಯಾಸ ಇತ್ತು, ಬಿಗು ಮಾಡಿದ ಮೇಲೆ 3 ಮಾತ್ರ. ಖಾಲಿಗೆ ಸರಿ ಮಾಡಿದ್ರೆ, ಲೋಡ್ ಹಾಕಿದಾಗ ವಾಲ್ವ್‌ಗೆ ಅರ್ಧ ಲೋಡ್ ಕೂಡ ಕಾಣಲ್ಲ. ಆಗ ಮುಂದಿನ ಬ್ರೇಕ್ ಒಂದೇ ದುಡಿಯುತ್ತೆ, ಘಾಟಿ ಇಳಿಯೋ ಹೊತ್ತಿಗೆ ಕಾದು ಹೊಗೆ. ಅದಕ್ಕೇ ವಾಲ್ವ್ ಇರೋ ಗಾಡಿಯಲ್ಲಿ ಬ್ರೇಕ್ ಬಗ್ಗೆ ಉತ್ತರ ಸಿಗದೆ ಪ್ಲೇಟ್‌ಗೆ ಕೈ ಹಾಕಬೇಡಿ.

ಕಾನೂನು ಎರಡೇ ಮಾತಲ್ಲಿ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಪ್ರಕಾರ, ಕಂಪನಿ ಕೊಟ್ಟ ವಿವರಕ್ಕಿಂತ ಬೇರೆ ಆಗೋ ಥರ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಇದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿ ಪ್ರಕಾರ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂ. ದಂಡ, ಇಲ್ಲಾ ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ. ಓವರ್‌ಲೋಡ್‌ಗೆ 20,000 ರೂ., ಮೇಲೆ ಪ್ರತಿ ಹೆಚ್ಚುವರಿ ಟನ್‌ಗೆ 2,000 ರೂ. ಕೆಲಸಕ್ಕೆ ಮುಂಚೆ ಆರ್‌ಟಿಒ ಕಚೇರಿಯಲ್ಲಿ ಲಿಖಿತವಾಗಿ ಕೇಳಿ. ಅಪಘಾತ ಆದ್ರೆ ಇನ್ಶೂರೆನ್ಸ್‌ನವರು ಮೊದಲು ಇದನ್ನೇ ಎತ್ತಬಹುದು.

ಹಾಗಾದ್ರೆ ಮೂಟೆ ಎತ್ತೋರ ಬೆನ್ನಿನ ಕಥೆ? ಅದಕ್ಕೆ ನಮ್ಮ ಮಲೆನಾಡಿನಲ್ಲೇ ಉತ್ತರ ಇದೆ. ಇಲ್ಲಿ ಮಟ್ಟಸ ನೆಲಕ್ಕಿಂತ ಇಳಿಜಾರೇ ಜಾಸ್ತಿ. ಕಣದ ಅಂಚಿನ ದರೆಯನ್ನ ಪಿಕಪ್ ತಳದ ಎತ್ತರಕ್ಕೆ ಸಮ ಮಾಡಿ, ಕಲ್ಲು ಕಟ್ಟಿ, ಗಾಡಿಯನ್ನ ಕೆಳಗಿನ ಮಗ್ಗುಲಿನಿಂದ ರಿವರ್ಸ್ ತಂದು ನಿಲ್ಲಿಸಿ. ಎತ್ತೋದೇ ಬೇಡ, ಮೂಟೆ ಎಳೆದು ಒಳಗೆ ಹಾಕಿದ್ರಾಯ್ತು. ದರೆ ಇಲ್ಲದ ಕಡೆ ಹಿಂದಿನ ಚಕ್ರ ಇಳಿಯೋಕೆ ಎರಡು ಕಾಲುವೆ ತೋಡಿ, ಕಾಂಕ್ರೀಟ್ ಹಾಕಿ, ನೀರು ಹೋಗೋಕೆ ದಾರಿ ಬಿಡಿ. ಖರ್ಚು ಒಂದೇ ಸಲ. ಗಾಡಿ ಬದಲಾದ್ರೂ ಕಟ್ಟೆ ಉಳಿಯುತ್ತೆ, ಯಾವ ಆರ್‌ಸಿಯನ್ನೂ ತಿದ್ದಬೇಕಿಲ್ಲ. ಹೊಸ ಗಾಡಿ ತಗೊಳ್ಳೋರಾದ್ರೆ 2005ರಲ್ಲಿ ಬಂದ ಟಾಟಾ ಏಸ್ ಥರದ ಚಿಕ್ಕ ಚಕ್ರದ, ತಗ್ಗಿನ ತಳದ ಮಿನಿ ಟ್ರಕ್ ನೋಡಿ. ಹೊರೋದು ಕಡಿಮೆ, ಆದ್ರೆ ಎತ್ತೋದು ಸುಲಭ.

ಲುಕ್‌ಗೋಸ್ಕರ ಇಳಿಸೋ ಗೆಳೆಯರಿಗೆ ಒಂದೇ ವಿನಂತಿ. ತೋಟದ ಕೆಲಸಕ್ಕೆ ಹೋಗೋ ಜನರನ್ನ ಹಿಂದೆ ನಿಲ್ಲಿಸ್ಕೊಂಡು ಹೋಗೋದು ನಮ್ಮಲ್ಲಿ ಇನ್ನೂ ನಿಂತಿಲ್ಲ. ಸರಕಿನ ಗಾಡಿಯಲ್ಲಿ ಜನ ತುಂಬೋದೇ ತಪ್ಪು. ಪ್ಲೇಟ್ ತೆಗೆದ ಗಾಡಿಯಲ್ಲಂತೂ ಬೇಡವೇ ಬೇಡ. ಮೂಟೆ ಉರುಳಿದ್ರೆ ಮತ್ತೆ ತುಂಬಬಹುದು.

ಈ ಎಪಿಸೋಡ್‌ನ ನಿಮ್ಮ ಊರಿನ ಪಿಕಪ್ ಗ್ರೂಪ್‌ಗೆ ಕಳಿಸಿ. ನಾಳೆ ಬೆಳಿಗ್ಗೆ ಗಾಡಿ ತೆಗೆಯೋ ಮುಂಚೆ ಕೆಳಗೆ ಬಗ್ಗಿ ನೋಡಿ: ಬಂಪ್ ಸ್ಟಾಪ್‌ಗೆ ಎಷ್ಟು ಜಾಗ ಇದೆ, ಆ ವಾಲ್ವ್ ಇದೆಯಾ, ಇದ್ರೆ ಅದರ ಸರಳು ಅಲ್ಲೇ ಇದೆಯಾ. ಸರಳನ್ನ ಯಾರಾದ್ರೂ ತಂತಿ ಸುತ್ತಿ ಕಟ್ಟಿಟ್ಟಿದ್ರೆ ಮೊದಲು ಮೆಕ್ಯಾನಿಕ್ ಹತ್ರ ಹೋಗಿ, ಲೋಡ್ ಆಮೇಲೆ. ಮುಂದಿನ ವಾರ ಸಿಗೋಣ. ನಮಸ್ಕಾರ.